ಕೇರ್ ಅಸಿಸ್ಟೆಂಟ್ ರೆಸ್ಯೂಮೆ ಮತ್ತು ಶೇಕಡಾ 75ರ ಕಟ್ಟುಕತೆ

ಬ್ರಿಟನ್ನಿನಲ್ಲಿ ಕೇರ್ ಅಸಿಸ್ಟೆಂಟ್ ಕೆಲಸ ಹುಡುಕುವವರಿಗೆ ಇಂದು ಎಲ್ಲ ಕಡೆಯಿಂದಲೂ ಸಿಗುವ ಸಲಹೆ ಒಂದೇ ಬಗೆಯದು. ರೆಸ್ಯೂಮೆಯನ್ನು ಮೊದಲು ಓದುವುದು ಸಾಫ್ಟ್‌ವೇರ್. ನಾಲ್ಕು ಅರ್ಜಿಗಳಲ್ಲಿ ಮೂರನ್ನು ಅದು ಯಾರ ಕಣ್ಣಿಗೂ ಬೀಳದ ಹಾಗೆ ತಳ್ಳಿಹಾಕುತ್ತದೆ. ಆದ್ದರಿಂದ ಜಾಹೀರಾತಿನಲ್ಲಿರುವ ಪದಗಳನ್ನೆಲ್ಲ ರೆಸ್ಯೂಮೆಗೆ ತುಂಬಬೇಕು, ಕೆಲಸವಿಲ್ಲದೆ ಕಳೆದ ವರ್ಷಗಳು ಕಾಣದಂತೆ ಮಾಡಬೇಕು, ಹಳೆಯ ಕೆಲಸಗಳನ್ನು ಕೈಬಿಟ್ಟು ಎಲ್ಲವನ್ನೂ ಒಂದು ಪುಟಕ್ಕೆ ಇಳಿಸಬೇಕು. ರೆಸ್ಯೂಮೆ ಬರೆದುಕೊಡುವ ಸೇವೆಗಳು, ‘ಎಟಿಎಸ್ ಸ್ಕೋರ್’ ಹೇಳುವ ಆ್ಯಪ್‌ಗಳು, ವಿದೇಶಿ ಕೆಲಸ ಕೊಡಿಸುವ ಏಜೆಂಟರು ಮೂವರೂ ಇದನ್ನೇ ಹೇಳುತ್ತಾರೆ. ಮೂವರೂ ಹೇಳಿದ ಮಾತ್ರಕ್ಕೆ ಅದು ನಿಜವಾಗುವುದಿಲ್ಲ. ಈ ಸಲಹೆ ಸಾಫ್ಟ್‌ವೇರಿನ ಮಟ್ಟಿಗೆ ಅರೆಸತ್ಯ, ಆರೈಕೆ ಕ್ಷೇತ್ರದ ಮಟ್ಟಿಗೆ ತಪ್ಪು, ಇಂಗ್ಲೆಂಡಿನ ಕಾನೂನಿನ ಮಟ್ಟಿಗೆ ಅಭ್ಯರ್ಥಿಗೇ ಮುಳುವಾಗುವಂಥದ್ದು.

ಎಟಿಎಸ್ ಎಂದು ಕರೆಯುವ ಅರ್ಜಿ ನಿರ್ವಹಣಾ ವ್ಯವಸ್ಥೆ ಮೂಲತಃ ಒಂದು ದಾಖಲೆ ಪೆಟ್ಟಿಗೆ. ಬಂದ ರೆಸ್ಯೂಮೆಯಿಂದ ಹೆಸರು, ಫೋನ್ ನಂಬರ್, ಹಿಂದಿನ ಕೆಲಸ, ದಿನಾಂಕ, ವಿದ್ಯಾರ್ಹತೆಗಳನ್ನು ಅದು ಬಿಡಿಸಿ ಬೇರೆ ಬೇರೆ ಕಾಲಂಗಳಲ್ಲಿ ತುಂಬುತ್ತದೆ. ಅರ್ಜಿ ಯಾವ ಹಂತದಲ್ಲಿದೆ, ಸಂದರ್ಶನ ಯಾವತ್ತು, ಯಾರಿಗೆ ಇಮೇಲ್ ಹೋಗಿದೆ ಎಂಬುದರ ಲೆಕ್ಕ ಇಡುತ್ತದೆ. ನೇಮಕಾತಿ ಮಾಡುವವರು ಪದ ಹಾಕಿ ಹುಡುಕಿದರೆ ಆ ಪದವಿರುವ ರೆಸ್ಯೂಮೆಗಳನ್ನು ತೋರಿಸುತ್ತದೆ. ಕೆಲವು ವ್ಯವಸ್ಥೆಗಳು ಹೋಲಿಕೆ ನೋಡಿ ಅರ್ಜಿಗಳನ್ನು ಮೇಲೆ ಕೆಳಗೆ ಜೋಡಿಸುತ್ತವೆ. ಅರ್ಜಿಯನ್ನು ಮನುಷ್ಯರು ಮುಟ್ಟದೆಯೇ ತಿರಸ್ಕರಿಸುವ ಕೆಲಸ ಹೆಚ್ಚಾಗಿ ನಡೆಯುವುದು ರೆಸ್ಯೂಮೆಯ ಓದಿನಿಂದಲ್ಲ, ಅದರ ಜೊತೆಗೆ ತುಂಬಿಸಿಕೊಳ್ಳುವ ಪ್ರಶ್ನೆಗಳಿಂದ. ಬ್ರಿಟನ್ನಿನಲ್ಲಿ ಕೆಲಸ ಮಾಡುವ ಹಕ್ಕಿದೆಯೆ? ವಾರಾಂತ್ಯದ ಪಾಳಿಗೆ ಬರಲು ಸಾಧ್ಯವೆ? ಮನೆ ಮನೆಗೆ ಹೋಗಿ ಆರೈಕೆ ಮಾಡುವ ಹುದ್ದೆಯಾದರೆ ಡ್ರೈವಿಂಗ್ ಲೈಸೆನ್ಸ್ ಮತ್ತು ಕಾರು ಇದೆಯೆ? ಇವಕ್ಕೆ ‘ಇಲ್ಲ’ ಎಂದು ಉತ್ತರಿಸಿದವರ ಅರ್ಜಿ ಅಲ್ಲಿಗೇ ನಿಲ್ಲಬಹುದು. ರೆಸ್ಯೂಮೆಯಲ್ಲಿ ಎಂಥ ಪದ ತುಂಬಿದರೂ ಈ ‘ಇಲ್ಲ’ ‘ಹೌದು’ ಆಗುವುದಿಲ್ಲ.

ಸಾಫ್ಟ್‌ವೇರಿನ ಕುರಿತ ಸಲಹೆಯಲ್ಲಿ ನಿಜವಾದ ಭಾಗ ಚಿಕ್ಕದು. ಎರಡು ಕಾಲಂಗಳ ವಿನ್ಯಾಸ, ಟೇಬಲ್ಲಿನೊಳಗೆ ಬರೆದ ದಿನಾಂಕ, ಪುಟದ ತಲೆಭಾಗದಲ್ಲಿ ಸೇರಿಸಿದ ಫೋನ್ ನಂಬರ್, ಚಿತ್ರವಾಗಿ ಸ್ಕ್ಯಾನ್ ಮಾಡಿದ ಪುಟ ಇವು ಕೆಲವು ಹಳೆಯ ವ್ಯವಸ್ಥೆಗಳಲ್ಲಿ ಕಲಸಿಹೋಗುತ್ತವೆ. ಇದಕ್ಕೆ ಪರಿಹಾರ ಒಂದೇ ಕಾಲಂನಲ್ಲಿ, ಸಾಮಾನ್ಯ ಅಕ್ಷರದಲ್ಲಿ, ನೇರವಾದ ತಲೆಬರಹಗಳಿರುವ ವರ್ಡ್ ಫೈಲ್ ಅಥವಾ ಅಕ್ಷರಗಳನ್ನು ಆಯ್ದು ನಕಲಿಸಬಹುದಾದ ಪಿಡಿಎಫ್. ಅರ್ಧ ಗಂಟೆಯಲ್ಲಿ ಮುಗಿಯುವ ಈ ಕೆಲಸಕ್ಕೆ ತಿಂಗಳ ಚಂದಾ ಬೇಕಿಲ್ಲ. ಹೊರಗಿನ ಆ್ಯಪ್ ಕೊಡುವ ‘ಸ್ಕೋರ್’ ಆ ಆ್ಯಪಿನದೇ ಲೆಕ್ಕಾಚಾರ. ಅರ್ಜಿ ಹೋಗಲಿರುವ ಕೇರ್ ಹೋಮ್ ಯಾವ ಸಾಫ್ಟ್‌ವೇರ್ ಬಳಸುತ್ತದೆ, ಅದರಲ್ಲಿ ಯಾವ ಪ್ರಶ್ನೆ ಇಟ್ಟಿದೆ ಎಂಬುದು ಆ್ಯಪಿಗೆ ಗೊತ್ತಿರುವುದಿಲ್ಲ. ನೂರಕ್ಕೆ 92 ಅಂಕ ಪಡೆದ ರೆಸ್ಯೂಮೆಗೂ 60 ಪಡೆದದ್ದಕ್ಕೂ ಆ ಕೇರ್ ಹೋಮಿನ ಮೇಜಿನ ಮೇಲೆ ಯಾವ ವ್ಯತ್ಯಾಸವೂ ಇರಬೇಕಾಗಿಲ್ಲ.

ನಾಲ್ಕರಲ್ಲಿ ಮೂರು, ಅಂದರೆ ಶೇಕಡಾ 75 ಎಂಬ ಅಂಕಿಯ ಹುಟ್ಟನ್ನೂ ನೋಡಬೇಕು. ಅದರ ಜಾಡು ಹಿಡಿದು ಹೋದವರು ತಲುಪಿದ್ದು ರೆಸ್ಯೂಮೆ ತಿದ್ದುವ ಸೇವೆ ಮಾರುತ್ತಿದ್ದ ಒಂದು ಅಮೆರಿಕನ್ ಕಂಪನಿಯ ಪ್ರಚಾರದ ಮಾತಿಗೆ. ಆ ಕಂಪನಿ ಬಾಗಿಲು ಮುಚ್ಚಿ ದಶಕಕ್ಕಿಂತ ಹೆಚ್ಚಾಯಿತು. ಅಂಕಿಯ ಹಿಂದೆ ಪ್ರಕಟವಾದ ಸಮೀಕ್ಷೆಯಾಗಲಿ ವಿಧಾನದ ವಿವರವಾಗಲಿ ಇಲ್ಲ. ಕಂಪನಿ ಹೋದರೂ ಅಂಕಿ ಉಳಿಯಿತು, ಏಕೆಂದರೆ ಅದು ಎರಡು ಕಡೆಯವರಿಗೂ ಅನುಕೂಲ. ಮಾರುವವರಿಗೆ ಭಯವೇ ಬಂಡವಾಳ. ಉತ್ತರ ಬಾರದ ಅರ್ಜಿದಾರರಿಗೆ ತಮ್ಮನ್ನು ಬೇಡವೆಂದದ್ದು ಯಂತ್ರವೇ ಹೊರತು ಮನುಷ್ಯರಲ್ಲ ಎಂಬ ಸಮಾಧಾನ. ಸಮಾಧಾನ ಕೊಡುವ ಸುಳ್ಳಿಗೆ ಆಯುಷ್ಯ ಹೆಚ್ಚು.

ಇನ್ನು ಆರೈಕೆ ಕ್ಷೇತ್ರದ ವಾಸ್ತವ. ಈ ಸಲಹೆ ಹುಟ್ಟಿದ್ದು ಒಂದು ಹುದ್ದೆಗೆ ಸಾವಿರಾರು ಅರ್ಜಿ ಬರುವ ದೊಡ್ಡ ಕಂಪನಿಗಳ ಆಫೀಸು ಕೆಲಸಗಳನ್ನು ನೋಡಿ. ಇಂಗ್ಲೆಂಡಿನ ವಯಸ್ಕರ ಆರೈಕೆಯಲ್ಲಿ ಸುಮಾರು 16 ಲಕ್ಷ ಹುದ್ದೆಗಳಿವೆ. ಅವನ್ನು ನಡೆಸುವ ಸಾವಿರಾರು ಸಂಸ್ಥೆಗಳಲ್ಲಿ ಬಹುಪಾಲು ಸಣ್ಣವು: ಒಂದು ಕೇರ್ ಹೋಮ್, ಅಥವಾ ಒಂದು ಪಟ್ಟಣದ ಮನೆ ಮನೆಗಳಿಗೆ ಸಿಬ್ಬಂದಿ ಕಳಿಸುವ ಒಂದು ಆಫೀಸು. ಅಲ್ಲಿ ರೆಸ್ಯೂಮೆ ಬರುವುದು ಬಹಳ ಸಲ ಮ್ಯಾನೇಜರ್ ಅಥವಾ ಅವರ ಡೆಪ್ಯುಟಿಯ ಇಮೇಲಿಗೇ. ಆರೈಕೆ ಸಿಬ್ಬಂದಿಯ ಅಂಕಿ ಅಂಶ ಸಂಗ್ರಹಿಸುವ ಸ್ಕಿಲ್ಸ್ ಫಾರ್ ಕೇರ್ ಸಂಸ್ಥೆಯ ವಾರ್ಷಿಕ ಲೆಕ್ಕದ ಪ್ರಕಾರ 2021-22ರಲ್ಲಿ ಈ ಕ್ಷೇತ್ರದಲ್ಲಿ ಸುಮಾರು 1,65,000 ಹುದ್ದೆಗಳು ಖಾಲಿ ಇದ್ದವು. 2024-25ರಲ್ಲಿ ಆ ಸಂಖ್ಯೆ ಸುಮಾರು 1,11,000ಕ್ಕೆ ಇಳಿಯಿತು, ಅಂದರೆ ಒಟ್ಟು ಹುದ್ದೆಗಳ ಶೇಕಡಾ 7ರಷ್ಟು. ರಾತ್ರಿ ಪಾಳಿಗೆ ಜನ ಸಾಲದೆ ಏಜೆನ್ಸಿಯಿಂದ ದುಬಾರಿ ಬಾಡಿಗೆಗೆ ಸಿಬ್ಬಂದಿ ಕರೆಸುವ ಮ್ಯಾನೇಜರ್, ಬಂದ ಅರ್ಜಿಗಳಲ್ಲಿ ಮುಕ್ಕಾಲು ಪಾಲನ್ನು ಅಕ್ಷರ ವಿನ್ಯಾಸ ಸರಿಯಿಲ್ಲವೆಂದು ಸಾಫ್ಟ್‌ವೇರಿಗೆ ಬಲಿ ಕೊಡುತ್ತಾರೆಂದು ನಂಬುವುದು ಕಷ್ಟ.

ಎನ್‌ಎಚ್‌ಎಸ್ ಎಂಬ ಸರ್ಕಾರಿ ಆರೋಗ್ಯ ಸೇವೆಯ ಆಸ್ಪತ್ರೆಗಳ ಹೆಲ್ತ್‌ಕೇರ್ ಅಸಿಸ್ಟೆಂಟ್ ಹುದ್ದೆಗಳ ದಾರಿ ಬೇರೆ. ಎನ್‌ಎಚ್‌ಎಸ್ ಅರ್ಜಿಗಳು ಆನ್‌ಲೈನಿನಲ್ಲೇ ಹೋಗುತ್ತವೆ, ಆದರೆ ಆಯ್ಕೆ ನಡೆಯುವುದು ಹುದ್ದೆಯ ಜೊತೆ ಪ್ರಕಟಿಸುವ ‘ಪರ್ಸನ್ ಸ್ಪೆಸಿಫಿಕೇಷನ್’ ಎಂಬ ಪಟ್ಟಿಯ ಮೇಲೆ. ಅದರಲ್ಲಿ ಕಡ್ಡಾಯ ಅರ್ಹತೆ ಯಾವುದು, ಇದ್ದರೆ ಒಳ್ಳೆಯದೆನ್ನುವ ಅರ್ಹತೆ ಯಾವುದು ಎಂದು ಬರೆದಿರುತ್ತದೆ. ವಾರ್ಡಿನ ಹಿರಿಯರು ಒಂದೊಂದು ಅಂಶಕ್ಕೂ ಅರ್ಜಿಯಲ್ಲಿ ಪುರಾವೆ ಹುಡುಕಿ ಅಂಕ ಹಾಕುತ್ತಾರೆ. ಪ್ರಶ್ನೆಪತ್ರಿಕೆಯನ್ನು ಮೊದಲೇ ಕೈಗಿತ್ತ ಪರೀಕ್ಷೆಯಂಥ ಈ ಪಟ್ಟಿಯನ್ನು ಬದಿಗಿಟ್ಟು ಕಾಣದ ಯಂತ್ರದ ಮನಸ್ಸನ್ನು ಊಹಿಸುತ್ತ ಕೂರುವಂತೆ ಮಾಡಿರುವುದು ಈ ಜನಪ್ರಿಯ ಸಲಹೆಯ ದೊಡ್ಡ ಸಾಧನೆ.

ಸಲಹೆಯ ಅತ್ಯಂತ ಹಾನಿಕರ ಭಾಗ ಕೆಲಸದ ನಡುವಿನ ಅಂತರಗಳನ್ನು ಮುಚ್ಚಿಡಿ ಎನ್ನುವುದು. ತಿಂಗಳು ಬಿಡಿ, ವರ್ಷ ಮಾತ್ರ ಬರೆಯಿರಿ. ಹತ್ತು ವರ್ಷಕ್ಕಿಂತ ಹಿಂದಿನದು ಬೇಡ. ಕೆಲಸಗಳ ಕ್ರಮ ಬಿಟ್ಟು ಕೌಶಲಗಳ ಪಟ್ಟಿ ಕೊಡಿ. ಈ ಮೂರು ಉಪಾಯಗಳೂ ಬೇರೆ ಉದ್ಯೋಗಗಳಲ್ಲಿ ನಡೆದಾವು. ಇಂಗ್ಲೆಂಡಿನಲ್ಲಿ ಆರೈಕೆ ಸೇವೆಗಳ ನಿಯಂತ್ರಕ ಸಂಸ್ಥೆಯಾದ ಕೇರ್ ಕ್ವಾಲಿಟಿ ಕಮಿಷನ್ನಿನ ಅಡಿ ನಡೆಯುವ ಕೇರ್ ಹೋಮ್ ಅಥವಾ ಹೋಮ್ ಕೇರ್ ಸಂಸ್ಥೆಯಲ್ಲಿ ನಡೆಯವು. ಇಂಥ ಸಂಸ್ಥೆಗಳಿಗೆ ಅನ್ವಯಿಸುವ 2014ರ ನಿಯಮಾವಳಿಯ 19ನೇ ನಿಯಮ ಮತ್ತು 3ನೇ ಅನುಸೂಚಿ ಪ್ರಕಾರ, ನೇಮಕಗೊಳ್ಳುವ ವ್ಯಕ್ತಿಯ ಪೂರ್ಣ ಉದ್ಯೋಗ ಚರಿತ್ರೆ ಸಂಸ್ಥೆಯ ಬಳಿ ಇರಬೇಕು. ನಡುವೆ ಅಂತರವಿದ್ದರೆ ಅದಕ್ಕೆ ಸಮಾಧಾನಕರವಾದ ಲಿಖಿತ ವಿವರಣೆಯೂ ಇರಬೇಕು. ಹಿಂದೆ ಆರೈಕೆಯ ಕೆಲಸ ಮಾಡಿದ್ದರೆ ಅಲ್ಲಿ ನಡತೆ ಹೇಗಿತ್ತು ಎಂಬುದಕ್ಕೆ ಸಾಕ್ಷ್ಯ ಬೇಕು. ಮಕ್ಕಳ ಅಥವಾ ಅಸಹಾಯಕ ವಯಸ್ಕರ ಜೊತೆಗಿನ ಕೆಲಸವಾಗಿದ್ದರೆ, ಅದನ್ನು ಬಿಟ್ಟದ್ದೇಕೆ ಎಂಬುದನ್ನೂ ಸಾಧ್ಯವಾದಷ್ಟು ಖಚಿತಪಡಿಸಿಕೊಳ್ಳಬೇಕು. ತಪಾಸಣೆಗೆ ಬರುವ ಕಮಿಷನ್ ಅಧಿಕಾರಿಗಳು ಸಿಬ್ಬಂದಿಯ ಕಡತ ತೆಗೆದು ಈ ಕಾಗದಗಳನ್ನು ನೋಡುತ್ತಾರೆ. ಅವಿಲ್ಲದಿದ್ದರೆ ತೊಂದರೆಗೆ ಸಿಕ್ಕುವುದು ಮ್ಯಾನೇಜರ್.

ಈ ಬಿಗಿ ನಿಯಮ ಯಾರದೋ ಕಚೇರಿಯ ಹಟದಿಂದ ಬಂದದ್ದಲ್ಲ. 2002ರಲ್ಲಿ ಸೋಹಮ್ ಎಂಬ ಊರಿನಲ್ಲಿ ಇಬ್ಬರು ಬಾಲಕಿಯರ ಕೊಲೆಯಾಯಿತು. ಕೊಂದವನು ಶಾಲೆಯೊಂದರಲ್ಲಿ ಕೆಲಸಕ್ಕಿದ್ದವನು. ಅವನ ಮೇಲೆ ಹಿಂದೆ ಬಂದಿದ್ದ ದೂರುಗಳು ನೇಮಕದ ಹೊತ್ತಿಗೆ ಬೆಳಕಿಗೆ ಬಂದಿರಲಿಲ್ಲ. 2004ರ ಬಿಚರ್ಡ್ ವಿಚಾರಣಾ ವರದಿ ಈ ಲೋಪವನ್ನು ಬಿಡಿಸಿಟ್ಟಿತು. 2006ರಲ್ಲಿ ಅಸಹಾಯಕರ ರಕ್ಷಣೆಯ ಕಾಯಿದೆ ಬಂತು. ಹಿನ್ನೆಲೆ ಪರಿಶೀಲಿಸುವ ಈಗಿನ ಡಿಬಿಎಸ್ ಸಂಸ್ಥೆ 2012ರ ಡಿಸೆಂಬರಿನಲ್ಲಿ ಶುರುವಾಯಿತು. 2011ರಲ್ಲಿ ಬ್ರಿಸ್ಟಲ್ ಬಳಿಯ ವಿಂಟರ್‌ಬೋರ್ನ್ ವ್ಯೂ ಆಸ್ಪತ್ರೆಯಲ್ಲಿ ಕಲಿಕಾ ನ್ಯೂನತೆ ಇದ್ದವರನ್ನು ಸಿಬ್ಬಂದಿಯೇ ಹಿಂಸಿಸುತ್ತಿದ್ದುದನ್ನು ಬಿಬಿಸಿಯ ಪನೋರಮಾ ಗುಪ್ತ ಕ್ಯಾಮೆರಾದಲ್ಲಿ ತೋರಿಸಿತ್ತು. ಇಷ್ಟೆಲ್ಲ ಆದ ಮೇಲೆ, ರೆಸ್ಯೂಮೆಯಲ್ಲಿ ಎರಡು ವರ್ಷ ಕಾಣದಿದ್ದರೆ ಮ್ಯಾನೇಜರಿಗೆ ಮೊದಲು ಹೊಳೆಯುವ ಪ್ರಶ್ನೆ ‘ಇವರು ಏನನ್ನು ಮುಚ್ಚಿಡುತ್ತಿದ್ದಾರೆ?’ ಎಂಬುದೇ. ಆ ಎರಡು ವರ್ಷ ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುವುದರಲ್ಲಿ ಕಳೆದಿರಬಹುದು. ಬರೆದಿದ್ದರೆ ಅದೇ ಅನುಭವವೆಂದು ಲೆಕ್ಕಕ್ಕೆ ಬರುತ್ತಿತ್ತು. ಸ್ನಾನ, ಊಟ, ಮಾತ್ರೆ, ಮಗ್ಗುಲು ಬದಲಿಸುವುದು, ರಾತ್ರಿ ಎದ್ದು ನೋಡುವುದು ಇವೆಲ್ಲ ಕೇರ್ ಅಸಿಸ್ಟೆಂಟರ ಕೆಲಸವೇ. ಅಭ್ಯರ್ಥಿಯ ಬಳಿ ಇದ್ದ ಒಳ್ಳೆಯ ಪುರಾವೆಯನ್ನು ಕಳೆದು ಅನುಮಾನವನ್ನು ಕೂಡುವ ಸಲಹೆಗೆ ಜನ ದುಡ್ಡು ಕೊಡುತ್ತಿದ್ದಾರೆ.

ಪದ ತುಂಬುವ ಸಲಹೆಯೂ ಇದೇ ಜಾತಿಯದು. ಜಾಹೀರಾತಿನಲ್ಲಿ ‘ಮೂವಿಂಗ್ ಅಂಡ್ ಹ್ಯಾಂಡ್ಲಿಂಗ್’ (ಆರೈಕೆಯಲ್ಲಿರುವವರನ್ನು ಎತ್ತುವ, ಸರಿಸುವ ಕೆಲಸ) ಎಂದಿದ್ದರೆ, ಆ ಕೆಲಸ ಮಾಡಿದವರು ಅದೇ ಪದ ಬಳಸುವುದು ಸರಿ. ಹುಡುಕುವವರಿಗೆ ಸಿಗುತ್ತದೆ, ಓದುವವರಿಗೆ ತಿಳಿಯುತ್ತದೆ. ಮಾಡದ ಕೆಲಸದ ಪದವನ್ನು ಸೇರಿಸುವುದು, ಬಿಳಿ ಹಾಳೆಯ ಮೇಲೆ ಬಿಳಿ ಅಕ್ಷರದಲ್ಲಿ ಇಡೀ ಜಾಹೀರಾತನ್ನು ಅಡಗಿಸುವುದು ಬೇರೆ ಮಾತು. ಸಾಫ್ಟ್‌ವೇರ್ ರೆಸ್ಯೂಮೆಯನ್ನು ಬರಿಯ ಅಕ್ಷರವಾಗಿ ಬಿಡಿಸಿದಾಗ ಬಣ್ಣ ಹೋಗಿ, ಅಡಗಿಸಿದ್ದು ಪರದೆಯ ಮೇಲೆ ಎದ್ದು ಕಾಣುತ್ತದೆ. ಸಾಫ್ಟ್‌ವೇರನ್ನು ಹೇಗೋ ದಾಟಿದರೂ ಮುಂದೆ ಸಂದರ್ಶನವಿದೆ. ‘ಪೆಗ್ ಫೀಡಿಂಗ್’ ಎಂದು ಬರೆದವರಿಗೆ, ಹೊಟ್ಟೆಯ ಕೊಳವೆಯಿಂದ ಆಹಾರ ಕೊಡುವಾಗ ತಲೆ ಎಷ್ಟು ಎತ್ತರಿಸಿ ಇಡಬೇಕು ಎಂಬ ಒಂದು ಪ್ರಶ್ನೆ ಸಾಕು. ಆಫೀಸು ಕೆಲಸದಲ್ಲಿ ಉತ್ಪ್ರೇಕ್ಷೆಯ ಬೆಲೆ ಒಂದು ಕೆಟ್ಟ ವರದಿ. ಇಲ್ಲಿ ಅದನ್ನು ತೆರುವುದು ಹಾಸಿಗೆಯಲ್ಲಿರುವ ಮುದುಕಿ.

ಹೊಸ ಆರೈಕೆ ಸಿಬ್ಬಂದಿಯ ಮೂಲ ತರಬೇತಿಯಾದ ಕೇರ್ ಸರ್ಟಿಫಿಕೇಟಿನ ಬಗ್ಗೆ ಹಬ್ಬಿರುವ ಗೊಂದಲವೂ ಈ ಪದ ತುಂಬುವ ಸಲಹೆಯದೇ ಕೂಸು. 2013ರ ಕ್ಯಾವೆಂಡಿಶ್ ವರದಿಯ ಶಿಫಾರಸಿನ ಬೆನ್ನಿಗೆ 2015ರ ಏಪ್ರಿಲಿನಲ್ಲಿ 15 ಮಾನದಂಡಗಳೊಂದಿಗೆ ಇದು ಜಾರಿಗೆ ಬಂತು. 2025ರಲ್ಲಿ ಕಲಿಕಾ ನ್ಯೂನತೆ ಮತ್ತು ಆಟಿಸಂ ಕುರಿತ 16ನೆಯದು ಸೇರಿತು. ಓದು ಆನ್‌ಲೈನಿನಲ್ಲಿ ನಡೆಯಬಹುದು. ಆದರೆ ಕೆಲಸದ ಜಾಗದಲ್ಲಿ ನಿಜವಾದ ವ್ಯಕ್ತಿಯ ಆರೈಕೆ ಮಾಡುವುದನ್ನು ಅನುಭವಿಯೊಬ್ಬರು ಕಣ್ಣಾರೆ ನೋಡಿ ಒಪ್ಪಿದ ಮೇಲಷ್ಟೇ ಸರ್ಟಿಫಿಕೇಟ್ ಪೂರ್ಣ. ಆದರೂ ‘ಈ ಪದ ಇಲ್ಲದಿದ್ದರೆ ಯಂತ್ರ ಬಿಡುವುದಿಲ್ಲ’ ಎಂದು ಹೆದರಿಸಿ ಕೆಲವೇ ಗಂಟೆಗಳ ಕೋರ್ಸು ಮಾರುವವರಿದ್ದಾರೆ. ಕೊಂಡವರು ರೆಸ್ಯೂಮೆಯಲ್ಲಿ ಹಾಕಿಕೊಳ್ಳುತ್ತಾರೆ, ಮ್ಯಾನೇಜರ್ ‘ಯಾರು ಪರೀಕ್ಷಿಸಿದರು?’ ಎಂದು ಕೇಳಿದಾಗ ಸುಮ್ಮನಾಗುತ್ತಾರೆ. ‘ಓದಿನ ಭಾಗ ಮುಗಿದಿದೆ, ಪ್ರಾಯೋಗಿಕ ಪರೀಕ್ಷೆ ಬಾಕಿ’ ಎಂದು ಬರೆದಿದ್ದರೆ ಅವಮಾನವಾಗುತ್ತಿರಲಿಲ್ಲ.

ಗುಣವಾಚಕಗಳ ಮಳೆಯಿಂದಲೂ ಪ್ರಯೋಜನವಿಲ್ಲ. ಕರುಣೆ, ಬದ್ಧತೆ, ಧೈರ್ಯ, ಸಂವಹನ ಮೊದಲಾದ ಆರು ಮೌಲ್ಯಗಳನ್ನು 2012ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಮುಖ್ಯ ನರ್ಸಿಂಗ್ ಅಧಿಕಾರಿ ಜೇನ್ ಕಮಿಂಗ್ಸ್ ‘ಸಿಕ್ಸ್ ಸೀಸ್’ ಎಂದು ಸಾರಿದ ಮೇಲೆ ಅವು ಎಲ್ಲ ರೆಸ್ಯೂಮೆಗಳ ಮೊದಲ ಸಾಲಾಗಿವೆ. ಎಲ್ಲರೂ ಬರೆಯುವ ಸಾಲಿನಿಂದ ಯಾರನ್ನೂ ಆರಿಸಲಾಗದು. ‘ಕರುಣೆಯುಳ್ಳ, ಸಮರ್ಪಿತ ಕೇರರ್’ ಎಂಬುದರಿಂದ ಮ್ಯಾನೇಜರಿಗೆ ತಿಳಿಯುವುದು ಶೂನ್ಯ. ‘ಡಿಮೆನ್ಷಿಯಾ ಇರುವ 12 ಮಂದಿಯ ವಿಭಾಗದಲ್ಲಿ ರಾತ್ರಿ ಪಾಳಿ, ಇಬ್ಬರು ಸೇರಿ ಹಾಯ್ಸ್ಟ್‌ನಿಂದ ಎತ್ತುವುದು, ನೀರು, ಆಹಾರದ ದಾಖಲೆ, ಮಾತ್ರೆ ಕೊಟ್ಟದ್ದನ್ನು ಮಾರ್ ಚಾರ್ಟಿನಲ್ಲಿ ಬರೆದು ಸಹಿ’ ಎಂದರೆ ನಾಳೆ ಯಾವ ಪಾಳಿಗೆ ಹಾಕಬಹುದು ಎಂಬುದೇ ಗೊತ್ತಾಗುತ್ತದೆ. ಇಂಥ ಸಾಲಿನಲ್ಲಿ ಸಾಫ್ಟ್‌ವೇರ್ ಹುಡುಕುವ ಪದಗಳೂ ತಾವಾಗಿ ಬಂದಿರುತ್ತವೆ, ಏಕೆಂದರೆ ಹುಡುಕುವವರು ಹಾಕುವುದು ಕೆಲಸದ ಪದಗಳನ್ನೇ: ಡಿಮೆನ್ಷಿಯಾ, ಹಾಯ್ಸ್ಟ್, ಮೆಡಿಕೇಷನ್, ನೈಟ್ಸ್. ಯಂತ್ರಕ್ಕೊಂದು, ಮನುಷ್ಯರಿಗೊಂದು ರೆಸ್ಯೂಮೆ ಬೇಕೆಂಬ ವಾದ ಇಲ್ಲಿ ಕುಸಿಯುತ್ತದೆ.

ಎದುರು ಪಕ್ಷದ ಬಲವಾದ ವಾದವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಯಂತ್ರಗಳು ಅರ್ಹರನ್ನು ಹೊರಗಿಡುತ್ತವೆ ಎಂಬುದಕ್ಕೆ ಪುರಾವೆ ಇದೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಮತ್ತು ಆಕ್ಸೆಂಚರ್ 2021ರಲ್ಲಿ ಪ್ರಕಟಿಸಿದ ವರದಿಗೆ ಅಮೆರಿಕ, ಬ್ರಿಟನ್ ಮತ್ತು ಜರ್ಮನಿಯ 2,250 ಕಾರ್ಯನಿರ್ವಾಹಕರನ್ನು ಕೇಳಲಾಗಿತ್ತು. ಹೆಚ್ಚಿನ ಕೌಶಲದ ಹುದ್ದೆಗಳಿಗೆ ಅರ್ಹರಾದವರೂ ಜಾಹೀರಾತಿನ ಷರತ್ತಿಗೆ ಅಕ್ಷರಶಃ ಹೊಂದದ ಕಾರಣ ಜರಡಿಯಲ್ಲೇ ಉದುರುತ್ತಾರೆಂದು ಅವರಲ್ಲಿ ಶೇಕಡಾ 88 ಮಂದಿ ಒಪ್ಪಿದ್ದರು. ಕೆಲಸದಲ್ಲಿ ಆರು ತಿಂಗಳಿಗಿಂತ ಹೆಚ್ಚಿನ ಅಂತರ ಕಂಡರೆ ಸುಮಾರು ಅರ್ಧದಷ್ಟು ಕಂಪನಿಗಳು ಅರ್ಜಿಯನ್ನು ಬದಿಗಿಡುತ್ತಿದ್ದವು. ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ 2024ರ ನವೆಂಬರಿನಲ್ಲಿ ನೇಮಕಾತಿಯ ಕೃತಕ ಬುದ್ಧಿಮತ್ತೆ ಸಾಧನಗಳ ಪರಿಶೀಲನೆಯ ಫಲಿತಾಂಶ ಹೊರತಂದಿತು. ಕೆಲವು ಸಾಧನಗಳು ಹೆಸರು ನೋಡಿ ಲಿಂಗ, ಜನಾಂಗಗಳನ್ನು ಊಹಿಸುತ್ತಿದ್ದವು. ಕಚೇರಿ ಸುಮಾರು 300 ಸುಧಾರಣೆಗಳನ್ನು ಸೂಚಿಸಬೇಕಾಯಿತು.

ಇವು ಗಂಭೀರ ಸಂಗತಿಗಳು. ಆದರೆ ಇವುಗಳಿಂದ ಹೊರಡುವ ತೀರ್ಮಾನ ಜನಪ್ರಿಯ ಸಲಹೆಗೆ ವಿರುದ್ಧವಾದದ್ದು. ಆರು ತಿಂಗಳ ಅಂತರವಿದ್ದರೆ ಬೇಡ ಎಂಬ ಷರತ್ತನ್ನು ಯಂತ್ರಕ್ಕೆ ಹೇಳಿಕೊಟ್ಟವರು ಕಂಪನಿಯವರು. ಹೆಸರಿನಿಂದ ಜನಾಂಗ ಊಹಿಸುವ ಸಾಧನವನ್ನು ಮಾಡಿದವರು ಇದ್ದಾರೆ, ಕೊಂಡವರೂ ಇದ್ದಾರೆ. ದೋಷ ಅಲ್ಲಿರುವಾಗ ಅದನ್ನು ತಿದ್ದುವ ಹೊಣೆಯನ್ನು ಅರ್ಜಿದಾರರ ರೆಸ್ಯೂಮೆಯ ಮೇಲೆ ಹೊರಿಸುವುದು ಅನ್ಯಾಯ. ‘ನಿಮ್ಮ ರೆಸ್ಯೂಮೆ ಎಟಿಎಸ್‌ಗೆ ಹೊಂದುತ್ತಿಲ್ಲ’ ಎಂಬ ಮಾತು ಮಾಲೀಕರನ್ನು ಪ್ರಶ್ನೆಯಿಂದ ಪಾರು ಮಾಡಿ ಕೆಲಸ ಹುಡುಕುವವರನ್ನು ಗ್ರಾಹಕರನ್ನಾಗಿಸುತ್ತದೆ. ಮಹತ್ವದ ತೀರ್ಮಾನವೊಂದನ್ನು ಯಂತ್ರವೊಂದೇ ಮಾಡಿದ್ದರೆ ಅದನ್ನು ಮನುಷ್ಯರು ಮರುಪರಿಶೀಲಿಸಲಿ ಎಂದು ಕೇಳುವ ಹಕ್ಕನ್ನು ಬ್ರಿಟನ್ನಿನ ದತ್ತಾಂಶ ರಕ್ಷಣಾ ಕಾನೂನು ಕೊಟ್ಟಿದೆ. ಬಿಳಿ ಅಕ್ಷರದ ಉಪಾಯ ಹೇಳಿಕೊಡುವವರು ಈ ಹಕ್ಕಿನ ಸುದ್ದಿ ಎತ್ತುವುದು ಅಪರೂಪ.

ಎಟಿಎಸ್ ಕುರಿತ ಈ ಭ್ರಮೆಯ ಬೆಲೆಯನ್ನು ಕರ್ನಾಟಕದ ನರ್ಸಿಂಗ್ ಪದವೀಧರರೂ ಹೋಮ್ ನರ್ಸ್ ಕೆಲಸದ ಅನುಭವವಿರುವವರೂ ತೆರುವ ಸಾಧ್ಯತೆ ಇದೆ. 2022ರ ಫೆಬ್ರವರಿಯಲ್ಲಿ ಬ್ರಿಟನ್ ತನ್ನ ಆರೋಗ್ಯ ಮತ್ತು ಆರೈಕೆ ವೀಸಾವನ್ನು ಕೇರ್ ವರ್ಕರ್‌ಗಳಿಗೂ ತೆರೆಯಿತು. 2024ರ ಮಾರ್ಚ್ 11ರಿಂದ ಹೊಸದಾಗಿ ಬರುವ ಕೇರ್ ವರ್ಕರ್‌ಗಳು ಕುಟುಂಬವನ್ನು ಕರೆತರುವುದು ನಿಂತಿತು. 2025ರ ಜುಲೈ 22ರಿಂದ ವಿದೇಶದಿಂದ ಕೇರ್ ವರ್ಕರ್‌ಗಳ ಹೊಸ ನೇಮಕಾತಿಯೇ ಮುಚ್ಚಿತು. 2022ರ ಜುಲೈಯಿಂದ 2024ರ ಡಿಸೆಂಬರ್‌ವರೆಗೆ 470ಕ್ಕೂ ಹೆಚ್ಚು ಆರೈಕೆ ಸಂಸ್ಥೆಗಳಿಗಿದ್ದ, ವಿದೇಶಿ ಕಾರ್ಮಿಕರನ್ನು ಕರೆಸುವ ಪ್ರಾಯೋಜಕ ಪರವಾನಗಿಗೆ ಕತ್ತರಿ ಬಿತ್ತು. ಅವುಗಳಿಗೆ ಸೇರಿದ ಕಾರ್ಮಿಕರು 39,000ಕ್ಕೂ ಹೆಚ್ಚು ಎಂದು ಅಲ್ಲಿನ ಸರ್ಕಾರ ಹೇಳಿತು. ಹೀಗಿರುವಾಗ ಕರ್ನಾಟಕದಲ್ಲಿ ಕುಳಿತು ಕೇರ್ ಅಸಿಸ್ಟೆಂಟ್ ಹುದ್ದೆಗೆ ಅರ್ಜಿ ಹಾಕುವವರನ್ನು ತಡೆಯುವುದು ‘ಕೆಲಸ ಮಾಡುವ ಹಕ್ಕಿದೆಯೆ?’ ಎಂಬ ಮೊದಲ ಪ್ರಶ್ನೆ. ಎಟಿಎಸ್‌ಗೆ ಒಗ್ಗುವ ರೆಸ್ಯೂಮೆ ಮಾಡಿಕೊಡುತ್ತೇವೆ, ಕೆಲಸ ಖಚಿತ ಎಂದು ಹಣ ಕೇಳುವವರು ಮುಚ್ಚಿದ ಬಾಗಿಲಿಗೆ ಬೀಗದ ಕೈ ಮಾರುತ್ತಿದ್ದಾರೆ. ಕೆಲಸ ಹುಡುಕಿಕೊಟ್ಟದ್ದಕ್ಕೆ ಕಾರ್ಮಿಕರಿಂದ ಶುಲ್ಕ ಪಡೆಯುವುದು ಬ್ರಿಟನ್ನಿನ 1973ರ ಉದ್ಯೋಗ ಏಜೆನ್ಸಿ ಕಾಯಿದೆಯಡಿ ಸಾಮಾನ್ಯವಾಗಿ ನಿಷಿದ್ಧ. ಭಾರತದಲ್ಲಿ ವಿದೇಶಕ್ಕೆ ಜನ ಕಳಿಸುವ ಏಜೆಂಟರು 1983ರ ವಲಸೆ ಕಾಯಿದೆಯಡಿ ನೋಂದಾಯಿಸಿರಬೇಕು, ಅವರು ಪಡೆಯಬಹುದಾದ ಸೇವಾ ಶುಲ್ಕಕ್ಕೆ 30,000 ರೂಪಾಯಿ ಮತ್ತು ಜಿಎಸ್‌ಟಿಯ ಮಿತಿ ಇದೆ.

ಈಗಾಗಲೇ ಬ್ರಿಟನ್ನಿನಲ್ಲಿದ್ದು ಕೆಲಸ ಮಾಡುವ ಹಕ್ಕಿರುವ ಕನ್ನಡಿಗರಿಗೆ ಒಂದು ಎಚ್ಚರಿಕೆ ಬೇಕು. ಬೆಂಗಳೂರು, ಮಂಗಳೂರುಗಳಲ್ಲಿ ನರ್ಸಿಂಗ್ ನೋಂದಣಿ ಇಲ್ಲದವರಿಗೂ ‘ಹೋಮ್ ನರ್ಸ್’ ಎನ್ನುವ ರೂಢಿಯಿದೆ. ಬ್ರಿಟನ್ನಿನ ಮ್ಯಾನೇಜರ್ ಆ ಹೆಸರು ಕಂಡರೆ ನೋಂದಣಿ ಸಂಖ್ಯೆ ಹುಡುಕುತ್ತಾರೆ. ಮಾಡಿದ ಕೆಲಸ ಮನೆಯಲ್ಲಿ ಹಿರಿಯರ ಆರೈಕೆಯಾಗಿದ್ದರೆ ಹುದ್ದೆಯ ಹೆಸರಿನ ಪಕ್ಕದಲ್ಲೇ ಅದನ್ನು ಸ್ಪಷ್ಟಪಡಿಸಬೇಕು.

ಹಾಗಾದರೆ ರೆಸ್ಯೂಮೆಯಲ್ಲಿ ಇರಬೇಕಾದದ್ದು ಇಷ್ಟು. ಮೊದಲಿಗೆ ಹೆಸರು, ಊರು, ಫೋನ್, ಇಮೇಲ್. ಕೆಲಸ ಮಾಡುವ ಹಕ್ಕು, ಡ್ರೈವಿಂಗ್ ಲೈಸೆನ್ಸ್, ಬರಬಲ್ಲ ಪಾಳಿಗಳು. ಆಮೇಲೆ ಯಾವ ಬಗೆಯ ಜನರನ್ನು ನೋಡಿಕೊಂಡ ಅನುಭವ ಎಂಬುದು ಎರಡು ಮೂರು ಸಾಲಿನಲ್ಲಿ. ಅದರ ಕೆಳಗೆ ಇತ್ತೀಚಿನದರಿಂದ ಹಿಂದಕ್ಕೆ, ಓದು ಮುಗಿದಂದಿನವರೆಗೆ ಎಲ್ಲ ಕೆಲಸಗಳು, ತಿಂಗಳು ಮತ್ತು ವರ್ಷದ ಸಮೇತ. ನಡುವಿನ ಅಂತರಕ್ಕೆ ಒಂದು ಸಾಲಿನ ಕಾರಣ. ತರಬೇತಿಗಳು, ಅವು ಮುಗಿದ ದಿನಾಂಕ. ಬಲ್ಲ ಭಾಷೆಗಳು. ಇಂಗ್ಲಿಷ್ ಮರೆತು ತಾಯ್ನುಡಿಗೆ ಮರಳಿದ ಡಿಮೆನ್ಷಿಯಾ ರೋಗಿಗಳಿರುವ ಕಡೆ ಕನ್ನಡ, ಕೊಂಕಣಿ, ತುಳು, ಹಿಂದಿಗಳಿಗೂ ಬೆಲೆಯುಂಟು. ಕೊನೆಗೆ, ಇತ್ತೀಚಿನ ಮಾಲೀಕರೂ ಸೇರಿದಂತೆ, ಹಿಂದಿನ ನಡತೆಯ ಬಗ್ಗೆ ಹೇಳಬಲ್ಲವರ ವಿವರ ಕೇಳಿದಾಗ ಕೊಡಲಾಗುವುದೆಂಬ ಮಾತು. ಇದು ಎರಡು ಪುಟವಾದರೆ ಆಗಲಿ. ಒಂದು ಪುಟದ ನಿಯಮಕ್ಕಿಂತ ಪೂರ್ಣ ಉದ್ಯೋಗ ಚರಿತ್ರೆಯ ನಿಯಮ ದೊಡ್ಡದು, ಏಕೆಂದರೆ ಎರಡನೆಯದು ಮಾತ್ರ ಕಾನೂನು.

ಆರೈಕೆಯ ಕೆಲಸದಲ್ಲಿ ನಿಜವಾದ ಜರಡಿ ಸಾಫ್ಟ್‌ವೇರ್ ಅಲ್ಲ. ಉದ್ಯೋಗ ಚರಿತ್ರೆ, ಡಿಬಿಎಸ್ ಪರಿಶೀಲನೆ, ಹಿಂದಿನ ಮಾಲೀಕರ ಮಾತು, ಸಂದರ್ಶನದ ಪ್ರಶ್ನೆ ಇವು ಆ ಜರಡಿಯ ಕಣ್ಣುಗಳು. ಅವನ್ನು ದಾಟಿಸುವುದು ದಿನಾಂಕ ಸಹಿತವಾದ ನಿಜ. ಆ ನಿಜವನ್ನು ಸರಳ ವಿನ್ಯಾಸದಲ್ಲಿ ಬರೆದರೆ ಸಾಫ್ಟ್‌ವೇರಿಗೂ ಅದೇ ಸಾಕು. ಇದಕ್ಕಿಂತ ಹೆಚ್ಚಿನದನ್ನು ಮಾರುವವರಿಂದ ಏನನ್ನೂ ಕೊಳ್ಳಬೇಕಾಗಿಲ್ಲ.